ಮೈಲೇಜ್ ಕದಿಯುತ್ತಿರುವುದು ಪೆಟ್ರೋಲೋ, ಬಲಗಾಲೋ?

ಮುಂಬಯಿ: ಮದುವೆ ಮಂಟಪವಿರಲಿ, ಸಂಘದ ವಾರ್ಷಿಕ ಮಹಾಸಭೆಯಿರಲಿ, ನಾಲ್ಕು ಮಂದಿ ಕಾರು ಮಾಲಕರು ಒಟ್ಟು ಸೇರಿದರೆ ಈಗ ಮಾತು ತಿರುಗುವುದು ಮೈಲೇಜ್ ಕಡೆಗೆ. ಹಿಂದೆ ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಕಾರು ಈಗ 14 ಕೊಡುತ್ತಿದೆ, ಎಲ್ಲವೂ ಎಥೆನಾಲ್ ಬೆರೆಸಿದ ಪೆಟ್ರೋಲ್‌ನ ಮಹಿಮೆ ಎಂಬ ದೂರು ಸಾಮಾನ್ಯವಾಗಿದೆ. 2025ರ ಆಗಸ್ಟ್‌ನಲ್ಲಿ ದೇಶದಾದ್ಯಂತ ಬಿಸಿಯೇರಿದ ಈ ಚರ್ಚೆ ಸುಪ್ರೀಂ ಕೋರ್ಟ್‌ನ ಮೆಟ್ಟಿಲನ್ನೂ ಹತ್ತಿತು. ಎಥೆನಾಲ್ ಇಲ್ಲದ ಪೆಟ್ರೋಲ್ ಕೂಡ ಬಂಕ್‌ಗಳಲ್ಲಿ ದೊರೆಯುವಂತಾಗಬೇಕು ಎಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನ್ಯಾಯಾಲಯದ ಬಾಗಿಲು ಮುಚ್ಚಿದರೂ ಜನರ ಅಸಮಾಧಾನ ಮಾತ್ರ ತಣ್ಣಗಾಗಲಿಲ್ಲ.

ಅಸಮಾಧಾನಕ್ಕೆ ಕಾರಣವಿಲ್ಲದಿಲ್ಲ. ಮುಂಬಯಿಯಲ್ಲಿ ಪೆಟ್ರೋಲ್ ದರ ಮೊದಲ ಬಾರಿಗೆ ನೂರು ರೂಪಾಯಿ ದಾಟಿದ್ದು 2021ರ ಮೇ ತಿಂಗಳಲ್ಲಿ. 2024ರ ಮಾರ್ಚ್‌ನಲ್ಲಿ ಲೀಟರಿಗೆ 2 ರೂ. ಇಳಿಸಿದ ಮೇಲೂ ಅದು ನೂರರ ಮೇಲೆಯೇ ಉಳಿಯಿತು. ಸಣ್ಣ ಕಾರನ್ನು ಸಾಲ ಮಾಡಿ ಕೊಂಡ ಮಧ್ಯಮ ವರ್ಗದ ಕುಟುಂಬಕ್ಕೆ ಮೈಲೇಜ್ ಎಂದರೆ ತಿಂಗಳ ಖರ್ಚಿನ ಪ್ರಶ್ನೆ. ಆದರೆ ಈ ದೂರಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಬೆರೆತುಹೋಗಿವೆ. ಒಂದು ಟ್ಯಾಂಕಿಗೆ ಬಿದ್ದ ಇಂಧನದ ಲೆಕ್ಕ. ಇನ್ನೊಂದು, ಆ ಇಂಧನವನ್ನು ಉರಿಸುವ ಬಲಗಾಲಿನ ಲೆಕ್ಕ. ಇವೆರಡನ್ನೂ ಬೇರ್ಪಡಿಸದೆ ನಷ್ಟ ಯಾರಿಂದ ಎಷ್ಟು ಎಂದು ಹೇಳುವುದು ಸಾಧ್ಯವಿಲ್ಲ.

ಎಥೆನಾಲ್‌ನ ಪಾಲು ಎಷ್ಟು?

ಒಂದು ಲೀಟರ್ ಎಥೆನಾಲ್‌ನಲ್ಲಿ ಅಡಗಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಶೇ. 20ರಷ್ಟು ಎಥೆನಾಲ್ ಬೆರೆತಾಗ, ಅಂದರೆ ಇ20 ಪೆಟ್ರೋಲ್‌ನಲ್ಲಿ, ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಸುಮಾರು ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಆದರೆ 2022ರ ಹೊತ್ತಿಗೇ ದೇಶದಲ್ಲಿ ಶೇ. 10ರಷ್ಟು ಬೆರಕೆ ಜಾರಿಗೆ ಬಂದಿತ್ತು. ಆ ಪೆಟ್ರೋಲ್‌ನೊಂದಿಗೆ ಹೋಲಿಸಿದರೆ ಇ20ಯಿಂದ ಆಗುವ ಶಕ್ತಿಯ ಕೊರತೆ ಶೇ. 3ರಿಂದ 4ರಷ್ಟು ಮಾತ್ರ.

ಸರಕಾರಿ ಅಂದಾಜುಗಳೂ ಇದರ ಆಸುಪಾಸಿನಲ್ಲಿಯೇ ಇವೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಇ20ಯಿಂದ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ನೀಡಿದ ಸ್ಪಷ್ಟನೆಯಲ್ಲಿ, ಇ20ಗೆ ಹೊಂದಿಸಲಾದ ಕಾರುಗಳಲ್ಲಿ ಶೇ. 1ರಿಂದ 2 ಹಾಗೂ ಉಳಿದವುಗಳಲ್ಲಿ ಶೇ. 3ರಿಂದ 6ರಷ್ಟು ಇಳಿಕೆ ಎಂದು ತಿಳಿಸಲಾಯಿತು.

ಈಗ ದೂರಿನತ್ತ ನೋಡೋಣ. 18ರಿಂದ 14ಕ್ಕೆ ಇಳಿಯುವುದೆಂದರೆ ಶೇ. 22ರಷ್ಟು ನಷ್ಟ. ಎಥೆನಾಲ್‌ನ ತಲೆಗೆ ಶೇ. 6ನ್ನೇ ಕಟ್ಟಿದರೂ ಮೈಲೇಜ್ 17ರ ಆಸುಪಾಸಿನಲ್ಲಿ ನಿಲ್ಲಬೇಕು. ಉಳಿದ ಮೂರು ಕಿಲೋಮೀಟರ್ ಎಲ್ಲಿಗೆ ಹೋಯಿತು? ಕಾರಿನಲ್ಲಿ ದೋಷವಿದ್ದರೆ ಮೆಕ್ಯಾನಿಕ್ ಹೇಳಬೇಕು. ದೋಷವಿಲ್ಲದಿದ್ದರೆ ಉತ್ತರವನ್ನು ಚಾಲಕನ ಆಸನದಲ್ಲಿಯೇ ಹುಡುಕಬೇಕಾಗುತ್ತದೆ.

ಬ್ರೇಕಿಗೂ ಬೆಲೆಯಿದೆ

ಅಮೆರಿಕ ಸರಕಾರದ ಇಂಧನ ಮಾಹಿತಿ ವಿಭಾಗದ ಪ್ರಕಾರ, ಆಕ್ಸಿಲರೇಟರ್ ಒಮ್ಮೆಲೇ ಒತ್ತುವುದು, ಕೊನೆಯ ಕ್ಷಣದಲ್ಲಿ ಗಕ್ಕನೆ ಬ್ರೇಕ್ ಹಾಕುವುದು ಮೊದಲಾದ ಆತುರದ ಚಾಲನೆಯಿಂದ ಹೆದ್ದಾರಿಯಲ್ಲಿ ಶೇ. 15ರಿಂದ 30, ನಿಂತು ನಿಂತು ಸಾಗುವ ನಗರ ಸಂಚಾರದಲ್ಲಿ ಶೇ. 10ರಿಂದ 40ರಷ್ಟು ಮೈಲೇಜ್ ನಷ್ಟವಾಗಬಹುದು. ಅಲ್ಲಿನ ಕಾರು, ರಸ್ತೆಗಳು ಬೇರೆ ಇರಬಹುದು. ಆದರೆ ಹಿಂದಿರುವ ತತ್ವ ಮುಂಬಯಿಗೂ ಒಂದೇ.

ನಾಲ್ವರು ಕುಳಿತ ಸಣ್ಣ ಕಾರಿನ ಒಟ್ಟು ತೂಕ ಸುಮಾರು 1,100 ಕಿಲೋ ಎಂದಿಟ್ಟುಕೊಳ್ಳಬಹುದು. ಅದನ್ನು ನಿಂತಲ್ಲಿಂದ ಗಂಟೆಗೆ 50 ಕಿ.ಮೀ. ವೇಗಕ್ಕೆ ತರಲು, ಇಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಬಳಸುತ್ತದೆ ಎಂಬ ಲೆಕ್ಕದಲ್ಲಿ, ಸುಮಾರು 13 ಮಿಲಿಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ 1 ರೂ. 30 ಪೈಸೆ. ಬ್ರೇಕ್ ಹಾಕಿ ಕಾರು ನಿಲ್ಲಿಸಿದೊಡನೆ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ವೇಗ 80 ಇದ್ದರೆ ನಷ್ಟ ಎರಡೂವರೆ ಪಟ್ಟು.

ಎಲ್ಲ ಬ್ರೇಕ್‌ಗಳನ್ನೂ ತಪ್ಪಿಸಲಾಗದು, ತಪ್ಪಿಸಲೂ ಬಾರದು. ಆದರೆ ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಣ್ಣಿಗೆ ಕಾಣುತ್ತಿದ್ದರೂ ಅಲ್ಲಿಯವರೆಗೆ ನುಗ್ಗಿ ಹೋಗಿ ನಿಲ್ಲುವುದು ಮುಂಬಯಿಯ ರಸ್ತೆಗಳಲ್ಲಿ ದಿನನಿತ್ಯದ ದೃಶ್ಯ. ಹೋಗುವಾಗ ಹತ್ತು, ಬರುವಾಗ ಹತ್ತು ಇಂತಹ ಅನಗತ್ಯ ಬ್ರೇಕ್‌ಗಳಾದರೂ, 25 ಕೆಲಸದ ದಿನಗಳಿಗೆ 500 ಆಗುತ್ತವೆ. ಅಲ್ಲಿಗೆ ತಿಂಗಳಿಗೆ ಆರೂವರೆ ಲೀಟರ್ ಪೆಟ್ರೋಲ್, 650 ರೂ. ಹೋಯಿತು. ಮುಂದಿನ ವಾಹನದಿಂದ ಸ್ವಲ್ಪ ಅಂತರ ಇಟ್ಟುಕೊಂಡು, ದೂರದ ಸಿಗ್ನಲ್ ನೋಡಿ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವವರಿಗೆ ಈ ಹಣದ ಬಹುಪಾಲು ಉಳಿಯುತ್ತದೆ. ತಲಪುವ ಸಮಯದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೂ ಆಗುವುದಿಲ್ಲ, ಏಕೆಂದರೆ ಇಬ್ಬರೂ ನಿಲ್ಲುವುದು ಅದೇ ಸಿಗ್ನಲ್‌ನಲ್ಲಿ.

ಹಾಗೆಂದು ಆಮೆಯಂತೆ ಹೊರಡುವುದೂ ಜಾಣತನವಲ್ಲ. ಕೆಳಗಿನ ಗೇರ್‌ನಲ್ಲಿಯೇ ಇಂಜಿನನ್ನು ಕಿರುಚಿಸುತ್ತ ಬಹಳ ದೂರ ಹೋದರೆ ಪೆಟ್ರೋಲ್ ವ್ಯರ್ಥ. ಹದವಾಗಿ ವೇಗ ಹೆಚ್ಚಿಸಿ, ಇಂಜಿನ್ ಒದ್ದಾಡದಂತೆ ನೋಡಿಕೊಂಡು ಬೇಗ ಮೇಲಿನ ಗೇರ್‌ಗೆ ಬರುವುದು ಸಣ್ಣ ಪೆಟ್ರೋಲ್ ಕಾರಿಗೆ ಹೇಳಿಸಿದ ಕ್ರಮ. ಆಕ್ಸಿಲರೇಟರನ್ನು ತಳಮಟ್ಟ ಒತ್ತಿದಾಗ ಇಂಜಿನ್‌ಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹರಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ನ್ಯೂಟ್ರಲ್ ಎಂಬ ಹಳೆಯ ನಂಬಿಕೆ

ಮುಂಬಯಿ, ಪುಣೆಯ ಕನ್ನಡಿಗರಿಗೆ ಘಾಟಿ ರಸ್ತೆ ಹೊಸತಲ್ಲ. ಖಂಡಾಲ, ಅಂಬೋಲಿ, ಊರಿನ ಕಡೆ ಶಿರಾಡಿ, ಚಾರ್ಮಾಡಿ, ಆಗುಂಬೆ. ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂಬ ಪಾಠ ತಂದೆಯಿಂದ ಮಗನಿಗೆ ಬಂದ ಆಸ್ತಿಯಂತೆ ಉಳಿದುಕೊಂಡಿದೆ. ಕಾರ್ಬುರೇಟರ್ ಇದ್ದ ಕಾಲದಲ್ಲಿ, 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ಆರಂಭದ ದಿನಗಳಲ್ಲಿ, ಈ ಮಾತಿಗೆ ಅಷ್ಟಿಷ್ಟು ಆಧಾರವಿತ್ತು. ಈಗಿನ ಕಾರುಗಳಲ್ಲಿ ಪೆಟ್ರೋಲ್ ಹರಿಸುವುದು ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಟರ್. ಗೇರ್‌ನಲ್ಲಿರುವಾಗ ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದರೆ, ವೇಗ ತೀರಾ ಇಳಿಯುವವರೆಗೆ ಇಂಜೆಕ್ಟರ್ ಪೆಟ್ರೋಲ್ ಹರಿಸುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಕೊಡಲೇಬೇಕಾಗುತ್ತದೆ. ಅಂದರೆ ಘಾಟಿಯ ಇಳಿಜಾರಿನಲ್ಲಿ ಉಳಿತಾಯದ ಹೆಸರಿನಲ್ಲಿ ನಡೆಯುವುದು ಖರ್ಚು.

ಅದಕ್ಕಿಂತ ಮುಖ್ಯವಾದುದು ಜೀವದ ಪ್ರಶ್ನೆ. ನ್ಯೂಟ್ರಲ್‌ನಲ್ಲಿ ಇಳಿಯುವ ಕಾರಿಗೆ ಇಂಜಿನ್‌ನ ಹಿಡಿತವಿರುವುದಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಅಗತ್ಯವಿದ್ದಾಗ ಹಿಡಿಯದೆ ಹೋಗಬಹುದು. ಇಂಜಿನನ್ನೇ ಆಫ್ ಮಾಡಿದರಂತೂ ಬ್ರೇಕ್ ಕಲ್ಲಿನಂತಾಗಿ, ಸ್ಟೇರಿಂಗ್ ಬಿಗಿದುಕೊಳ್ಳುತ್ತದೆ. ಹತ್ತು ರೂಪಾಯಿಯ ಪೆಟ್ರೋಲ್‌ಗಾಗಿ ಇಡೀ ಕುಟುಂಬವನ್ನು ಪಣಕ್ಕಿಡುವ ಈ ಅಭ್ಯಾಸವನ್ನು ಇಂದೇ ಬಿಡುವುದು ಒಳಿತು.

ಊರಿಗೆ ಹೋಗುವ ದಾರಿಯಲ್ಲಿ

ಮೇ ತಿಂಗಳ ರಜೆ ಬಂತೆಂದರೆ ಮಂಗಳೂರು, ಉಡುಪಿಯತ್ತ ಸುಮಾರು 900 ಕಿ.ಮೀ. ದೂರವನ್ನು ಸಣ್ಣ ಕಾರಿನಲ್ಲಿಯೇ ಕ್ರಮಿಸುವ ಕುಟುಂಬಗಳು ಬಹಳ. ಒಳಗೆ ಐದು ಮಂದಿ, ಮೇಲೆ ಕ್ಯಾರಿಯರ್‌ನಲ್ಲಿ ಸೂಟ್‌ಕೇಸು, ಹಿಂದಿರುಗುವಾಗ ತೆಂಗಿನಕಾಯಿ, ಹಲಸು. ಇಲ್ಲಿ ಲೆಕ್ಕ ಬದಲಾಗುತ್ತದೆ. ನಗರದಲ್ಲಿ ಪೆಟ್ರೋಲ್ ತಿನ್ನುವುದು ಬ್ರೇಕ್. ಹೆದ್ದಾರಿಯಲ್ಲಿ ತಿನ್ನುವುದು ಗಾಳಿ.

ಎದುರು ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ವೇಗ ಹೆಚ್ಚುವುದು ಶೇ. 25 ಮಾತ್ರ, ಗಾಳಿಯ ತಡೆ ಹೆಚ್ಚುವುದು ಶೇ. 56. ತಲೆಯ ಮೇಲಿನ ಕ್ಯಾರಿಯರ್ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಷ್ಟು ತೆತ್ತು ಗಳಿಸುವುದೇನು? 94.5 ಕಿ.ಮೀ. ಉದ್ದದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಘಾಟಿ, ಟೋಲ್ ಯಾವುದೂ ಇಲ್ಲವೆಂದೇ ಭಾವಿಸಿದರೂ 80ರ ಬದಲು 100ರಲ್ಲಿ ಹೋದವರಿಗೆ ಉಳಿಯುವುದು 14 ನಿಮಿಷ. ಒಂದು ಚಹಾ ಕುಡಿದೇಳುವಷ್ಟು ಹೊತ್ತು.

1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ, ಅಂದರೆ ಪಿಸಿಆರ್‌ಎ, 80ರ ವೇಗಕ್ಕಿಂತ 45ರಿಂದ 55ರ ವೇಗದಲ್ಲಿ ಶೇ. 40ರವರೆಗೆ ಹೆಚ್ಚು ಮೈಲೇಜ್ ಸಿಗುತ್ತದೆ ಎಂದು ಬಹುಕಾಲದಿಂದ ಹೇಳುತ್ತ ಬಂದಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ 50ರಲ್ಲಿ ತೆವಳುವುದು ಹಿಂದಿನವರಿಗೆ ಅಪಾಯ, ಅದು ಬೇಡ. ಆದರೆ ಎಡಬದಿಯ ಲೇನ್‌ಗಳಲ್ಲಿ 80ರ ಸಮವೇಗ ಕಾಪಾಡಿಕೊಳ್ಳುವುದು ಪೆಟ್ರೋಲಿಗೂ ಪ್ರಾಣಕ್ಕೂ ಹಿತ. ಊರಿನ 900 ಕಿ.ಮೀ. ದಾರಿಯಲ್ಲಿ ಲೀಟರಿಗೆ 15ರ ಬದಲು 20 ಕಿ.ಮೀ. ಸಿಕ್ಕರೆ 60 ಲೀಟರ್ ಬದಲು 45 ಲೀಟರ್ ಸಾಕು. ಹೋಗಿ ಬರುವಾಗ 30 ಲೀಟರ್, ಅಂದರೆ ಮೂರು ಸಾವಿರ ರೂಪಾಯಿ ಉಳಿತಾಯ.

ಚಾಲಕನ ತಪ್ಪಲ್ಲದ್ದು

ಹಾಗಾದರೆ ಎಲ್ಲ ತಪ್ಪೂ ಚಾಲಕನದ್ದೇ ಎಂದು ಸರಕಾರ ಕೈತೊಳೆದುಕೊಳ್ಳಬಹುದೇ? ಖಂಡಿತ ಇಲ್ಲ. ಘೋಡ್‌ಬಂದರ್ ರಸ್ತೆಯಲ್ಲಿಯೋ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿಯೋ ಸಿಕ್ಕಿಬಿದ್ದ ಕಾರಿನ ಮೈಲೇಜ್ ಸೊನ್ನೆ. ನಿಂತಲ್ಲಿಯೇ ಚಾಲೂ ಇರುವ ಸಣ್ಣ ಇಂಜಿನ್ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಉದ್ದನೆಯ ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡುವುದು ಚಾಲಕನ ಕೈಯಲ್ಲಿದೆ. ಹೊಂಡಗಳು, ಮುಗಿಯದ ಕಾಮಗಾರಿಗಳು, ಒಂದಕ್ಕೊಂದು ತಾಳೆಯಾಗದ ಸಿಗ್ನಲ್‌ಗಳು ಅವನ ಕೈಯಲ್ಲಿಲ್ಲ.

ಕಂಪೆನಿಗಳು ಜಾಹೀರು ಮಾಡುವ ಅಂಕಿಯ ಹಿನ್ನೆಲೆಯನ್ನೂ ಗ್ರಾಹಕ ತಿಳಿದಿರಬೇಕು. 2022ರಲ್ಲಿ ಬಂದ ಆಲ್ಟೊ ಕೆ10 ಮ್ಯಾನುವಲ್ ಕಾರಿನ ಘೋಷಿತ ಮೈಲೇಜ್ 24.39 ಕಿ.ಮೀ. ಇಂತಹ ಅಂಕಿ ಬರುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ನಿಗದಿತ ಕ್ರಮದಲ್ಲಿ, 90 ಕಿ.ಮೀ. ವೇಗ ಮೀರದಂತೆ, ಎ.ಸಿ. ಇಲ್ಲದೆ ಓಡಿಸಿದಾಗ. ಅಲ್ಲಿ ದಾದರ್‌ನ ಗಿಜಿಗುಟ್ಟುವಿಕೆಯಿಲ್ಲ, ಮೇ ತಿಂಗಳ ಸೆಕೆಯೂ ಇಲ್ಲ. ಆ ಅಂಕಿಯನ್ನು ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಬಳಸಬಹುದು. ತನ್ನ ಕಾರಿನ ಮೇಲೆ ದೂರು ಕೊಡಲು ಅದು ಅಳತೆಗೋಲಲ್ಲ.

ಮೊದಲು ಲೆಕ್ಕ, ಆಮೇಲೆ ದೂರು

ಅಳತೆಗೋಲು ಬೇರೆಯೇ ಇದೆ, ಅದಕ್ಕೆ ಖರ್ಚೂ ಇಲ್ಲ. ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಡುವುದು, ಮುಂದಿನ ಬಾರಿ ಅದೇ ಬಂಕ್‌ನಲ್ಲಿ ಮತ್ತೆ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸುವುದು. ಎರಡು ಮೂರು ಟ್ಯಾಂಕ್‌ಗಳ ಸರಾಸರಿ ತೆಗೆದರೆ ನಂಬಬಹುದಾದ ಅಂಕಿ ಸಿಗುತ್ತದೆ. ಅನಂತರ ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಖಾಲಿ ಕ್ಯಾರಿಯರ್ ಕಳಚಿಟ್ಟು, ಬಲಗಾಲನ್ನು ಹದದಲ್ಲಿಟ್ಟು ಇನ್ನೆರಡು ಟ್ಯಾಂಕ್ ಓಡಿಸಿ ನೋಡಬೇಕು. ಮೈಲೇಜ್ ಏರಿದರೆ ಅಷ್ಟು ನಷ್ಟ ಚಾಲಕನದ್ದು. ಆಮೇಲೂ ಉಳಿದ ಕೊರತೆಗೆ ಕಾರಿನ ದೋಷ ಕಾರಣವೇ ಎಂದು ಮೆಕ್ಯಾನಿಕ್‌ನಲ್ಲಿ ಪರೀಕ್ಷಿಸಬೇಕು. ಅದೂ ಅಲ್ಲವಾದರೆ ಇಂಧನದ ಮೇಲಿನ ದೂರಿಗೆ ಬಲ ಬರುತ್ತದೆ.

ವರ್ಷಕ್ಕೆ 10,000 ಕಿ.ಮೀ. ಓಡುವ ಕಾರನ್ನು ಉದಾಹರಣೆಗೆ ತೆಗೆದುಕೊಂಡರೆ ಎರಡು ಲೆಕ್ಕಗಳ ಅಂತರ ಸ್ಪಷ್ಟವಾಗುತ್ತದೆ. ಮೈಲೇಜ್ 18ರಿಂದ ಶೇ. 4ರಷ್ಟು ಇಳಿದರೆ ವರ್ಷದ ಹೆಚ್ಚುವರಿ ಖರ್ಚು ಸುಮಾರು 2,300 ರೂ. ಅದೇ 18ರಿಂದ 15ಕ್ಕೆ ಇಳಿದರೆ ಸುಮಾರು 11,000 ರೂ. ಮೊದಲನೆಯದು ಸಣ್ಣ ಮೊತ್ತ ಎಂದು ಸುಮ್ಮನಿರಬೇಕಾಗಿಲ್ಲ. ಗ್ರಾಹಕನಿಗೆ ಆಯ್ಕೆಯೇ ಇಲ್ಲದೆ ಇಳಿದ ಮೈಲೇಜ್‌ಗೆ ದರದಲ್ಲಿ ಪರಿಹಾರ ಕೇಳುವುದು ನ್ಯಾಯವೇ. ಆದರೆ ಎರಡನೆಯದನ್ನು ಮೊದಲನೆಯದರ ಖಾತೆಗೆ ಬರೆದರೆ ದೂರು ದುರ್ಬಲವಾಗುತ್ತದೆ. ಉತ್ತರಿಸಬೇಕಾದವರು ನಿರಾಯಾಸವಾಗಿ ತಳ್ಳಿಹಾಕುತ್ತಾರೆ.

ಈ ನಿಟ್ಟಿನಲ್ಲಿ ಹೊರನಾಡಿನ ಕನ್ನಡ ಸಂಘಗಳಿಗೂ ಒಂದು ಅವಕಾಶವಿದೆ. ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳನ್ನು ಯಶಸ್ವಿಯಾಗಿ ನಡೆಸುವ ಸಂಘಗಳಿಗೆ ಇಪ್ಪತ್ತು ಮಂದಿ ಸದಸ್ಯರಿಂದ ಮೂರು ತಿಂಗಳ ಪೆಟ್ರೋಲ್ ಲೆಕ್ಕ ಬರೆಸುವುದು ಕಷ್ಟದ ಕೆಲಸವಲ್ಲ. ಯಾವ ಕಾರು, ಯಾವ ವರ್ಷದ್ದು, ಎಷ್ಟು ಓಡಿತು, ಎಷ್ಟು ಕುಡಿಯಿತು ಎಂಬ ಪಟ್ಟಿ ಕೈಯಲ್ಲಿದ್ದರೆ ಸಂಸದರ ಬಳಿಗೋ ಗ್ರಾಹಕ ವೇದಿಕೆಗೋ ಹೋಗುವಾಗ ಮಾತಿಗೆ ತೂಕವಿರುತ್ತದೆ. ಪಟ್ಟಿ ಬರೆಯುವ ಮೂರು ತಿಂಗಳಲ್ಲಿ ಬಲಗಾಲೂ ತನ್ನಷ್ಟಕ್ಕೆ ಹದಕ್ಕೆ ಬಂದರೆ ಅದು ಸದಸ್ಯರ ಜೇಬಿಗೆ ಸೇರುವ ಲಾಭ.