ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಗುಂಡು: ವಿಮಾನ ನಿಲ್ದಾಣದಲ್ಲಿ "ನನಗೆ ಗೊತ್ತಿರಲಿಲ್ಲ" ಅಂದರೆ ಸಾಕೇ?

"ವಿದೇಶಕ್ಕೆ ಹೊರಟವರ ಬ್ಯಾಗಿನೊಳಗೆ ವಿಮಾನ ನಿಲ್ದಾಣದವರೇ ಗುಂಡು ಹಾಕಿ ಹಣ ಕೀಳುತ್ತಾರೆ, ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಸಿಕೊಳ್ಳಿ, ಎಲ್ಲರಿಗೂ ಕಳಿಸಿ" ಎನ್ನುವ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. "ಒಂದೇ ಗುಂಡಾದರೆ ಏನೂ ಆಗುವುದಿಲ್ಲ, ತೆಗೆದುಕೊಂಡು ಬಿಟ್ಟುಬಿಡುತ್ತಾರೆ" ಎಂದು ಧೈರ್ಯ ಹೇಳುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜ ಇದೆ, ಆದರೆ ಎರಡನ್ನೂ ನಂಬಿ ಕೂತರೆ ಅಪಾಯ. ಯಾವುದು ಎಷ್ಟು ನಿಜ ಎಂದು ನೋಡೋಣ.

ಗುಂಡು ಹಾಕುತ್ತಾರೆ ಎನ್ನುವ ಭಯ ಎಲ್ಲಿಂದ ಬಂತು?

2015ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾ ವಿಮಾನ ನಿಲ್ದಾಣದಲ್ಲಿ ಸಿಬ್ಬಂದಿಯೇ ಬ್ಯಾಗಿಗೆ ಗುಂಡು ಹಾಕಿ ಹಣ ಕೇಳುತ್ತಾರೆ ಎಂಬ ಆರೋಪ ದೊಡ್ಡ ಸುದ್ದಿಯಾಯಿತು. ಅಲ್ಲಿನವರು ಅದನ್ನು 'ತಾನಿಮ್ ಬಾಲಾ', ಅಂದರೆ 'ಗುಂಡು ನೆಡುವುದು' ಎಂದು ಕರೆದರು. ಜನ ಹೆದರಿ ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಸಿಕೊಂಡೇ ಪ್ರಯಾಣ ಮಾಡಿದರು. ಆದರೆ ಅದೇ ದೇಶದಲ್ಲಿ ಗುಂಡನ್ನು ತಾಯಿತದಂತೆ ಜೊತೆಗಿಟ್ಟುಕೊಳ್ಳುವ ರೂಢಿಯೂ ಇದೆ. ನಮ್ಮ ಊರಿನವರು ಮೊದಲು ಯೋಚಿಸಬೇಕಾದದ್ದು ಈ ಎರಡನೆಯ ಸಂಗತಿಯನ್ನು: ಗುಂಡು ನಮ್ಮದೇ ಮನೆಯಿಂದ ಬ್ಯಾಗಿಗೆ ಹೋಗುವುದು.

ಬೆಳಗಾವಿಯವರು ಯಾಕೆ ಹೆಚ್ಚು ಎಚ್ಚರ ಇರಬೇಕು?

ಬೆಳಗಾವಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಇರುವ ಊರು. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಹಾಗಾಗಿ ಸೈನಿಕರು, ಮಾಜಿ ಸೈನಿಕರು ಇರುವ ಮನೆಗಳು ಇಲ್ಲಿ ಬಹಳ. ಫೈರಿಂಗ್ ಅಭ್ಯಾಸದ ನೆನಪಿಗೆಂದು ಯಾವಾಗಲೋ ತಂದ ಖಾಲಿ ಕಾಡತೂಸು ಟ್ರಂಕಿನ ತಳದಲ್ಲೋ ಹಳೇ ಬ್ಯಾಗಿನ ಒಳಜೇಬಿನಲ್ಲೋ ಉಳಿದುಬಿಡಬಹುದು. ಖಾನಾಪುರದ ಕಡೆ ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕು ಇಟ್ಟುಕೊಂಡವರಿದ್ದಾರೆ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸುತ್ತಾರೆ, ಜರ್ಕಿನ್ನಿನ ಜೇಬಿನಲ್ಲಿ ಉಳಿದ ಒಂದು ಕಾಡತೂಸು ಯಾರ ನೆನಪಿಗೂ ಬರುವುದಿಲ್ಲ.

ಈಗ ವಡಗಾವಿಯ ನೇಕಾರರ ಮನೆಯ ಹುಡುಗನೊಬ್ಬ ಕೆಲಸಕ್ಕೆಂದು ಗಲ್ಫ್‌ಗೆ ಹೊರಟ ಎಂದುಕೊಳ್ಳಿ. ಮಾವನಿಂದ ಗಟ್ಟಿಮುಟ್ಟಾದ ಮಿಲಿಟರಿ ಬ್ಯಾಗು ಕೇಳಿ ತರುತ್ತಾನೆ. ಬಟ್ಟೆ, ಚಟ್ನಿಪುಡಿ, ಕುಂದಾ ಎಲ್ಲ ತುಂಬಿಸುತ್ತಾರೆ. ಒಳಗಿನ ಚಿಕ್ಕ ಜಿಪ್ಪನ್ನು ಯಾರೂ ತೆರೆಯುವುದಿಲ್ಲ. 9 ಎಂಎಂ ಪಿಸ್ತೂಲಿನ ಒಂದು ಗುಂಡಿನ ಉದ್ದ ಸುಮಾರು 3 ಸೆಂಟಿಮೀಟರ್. ಅಸ್ತರಿನ ಹರಕಿನೊಳಗೆ ಜಾರಿದರೆ ಕೈಗೂ ಸಿಗುವುದಿಲ್ಲ.

ಮೊದಲ ನಿಲ್ದಾಣ ದಾಟಿದರೆ ಗೆದ್ದಂತೆಯೇ?

ಅಲ್ಲ. ಎಕ್ಸ್‌ರೇ ಪರದೆಯ ಮೇಲೆ ಬಟ್ಟೆ, ತಿಂಡಿಯಂಥವು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿಯಾಗಿ ಕಾಣುತ್ತದೆ. ಚಾರ್ಜರ್, ಬೀಗ, ಬೆಲ್ಟಿನ ಬಕಲ್ಲುಗಳ ನಡುವೆ ಅಡ್ಡ ಬಿದ್ದ ಗುಂಡು ಒಂದು ಕಡೆ ತಪ್ಪಿಸಿಕೊಂಡು ಇನ್ನೊಂದು ಕಡೆ ಸಿಕ್ಕಿಬೀಳಬಹುದು. ಸಾಂಬ್ರಾದಿಂದ ನೇರ ವಿದೇಶಿ ವಿಮಾನ ಇಲ್ಲ. ನಮ್ಮವರು ಬೆಂಗಳೂರು, ಮುಂಬೈ ಅಥವಾ ಗೋವಾ ಮೂಲಕ ಹೋಗಬೇಕು, ಕೆಲವರು ಮುಂದೆ ದುಬೈಯಲ್ಲೋ ಸಿಂಗಪುರದಲ್ಲೋ ವಿಮಾನ ಬದಲಿಸುತ್ತಾರೆ. ಅಲ್ಲೆಲ್ಲ ತಪಾಸಣೆ ಮತ್ತೆ ಆಗುತ್ತದೆ. "ಅಲ್ಲಿ ಬಿಟ್ಟರಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಚೆಕ್-ಇನ್ ಬ್ಯಾಗಿಗೂ ಎಕ್ಸ್‌ರೇ ಇದೆ.

ಇನ್ನೊಂದು ತಪ್ಪು ಕಲ್ಪನೆ, ಎಕ್ಸ್‌ರೇಗೆ ಗುಂಡು ಸಿಡಿಯುತ್ತದೆ ಎನ್ನುವುದು. ಇಲ್ಲ. ಅದು ಸಿಡಿಯಲು ಹಿಂಬದಿಗೆ ಬಲವಾದ ಪೆಟ್ಟು ಅಥವಾ ವಿಪರೀತ ಶಾಖ ಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿಗಷ್ಟೇ ಅಲ್ಲ, ಗುಂಡಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ಸಾಮಾನ್ಯ ಪ್ರಕರಣಗಳಲ್ಲಿ ಶಿಕ್ಷೆ 2ರಿಂದ 5 ವರ್ಷ ಜೈಲು ಮತ್ತು ದಂಡ.

ಹಾಗಾದರೆ ಗೊತ್ತಿಲ್ಲದೆ ಒಯ್ದವನಿಗೂ ಜೈಲೇ? 'ಇಟ್ಟುಕೊಳ್ಳುವುದು' ಎಂದರೆ ಅರಿವಿದ್ದು ಇಟ್ಟುಕೊಳ್ಳುವುದು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. 1994ರಲ್ಲಿ ನಟ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠ ಟಾಡಾ ಕಾಯ್ದೆಯ ಬಗ್ಗೆಯೂ ಇದೇ ಅರ್ಥ ಹೇಳಿತು. ಇದನ್ನೇ ಆಧರಿಸಿ, ಬ್ಯಾಗಿನಲ್ಲಿ ಒಂದೇ ಗುಂಡು ಸಿಕ್ಕ ಹಲವು ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದೆ. ಪೂರಕ ಭಾಗಗಳ ಜೊತೆ ಬಳಸುವ ಉದ್ದೇಶವಿಲ್ಲದ ಚಿಕ್ಕ ಬಿಡಿಭಾಗಗಳಿಗೆ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿಯನ್ನೂ ಕೊಡುತ್ತದೆ.

ಆದರೆ ಇದೆಲ್ಲ ನಡೆಯುವುದು ಕೋರ್ಟಿನಲ್ಲಿ. ಎಕ್ಸ್‌ರೇ ಮುಂದೆ ನಿಂತ ಸಿಬ್ಬಂದಿಗೆ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ತೀರ್ಮಾನಿಸುವ ಅಧಿಕಾರ ಇಲ್ಲ. ಅವರು ಪೊಲೀಸರಿಗೆ ಒಪ್ಪಿಸುತ್ತಾರೆ. ಎಫ್‌ಐಆರ್ ಆದರೆ ವಿಮಾನ ತಪ್ಪುತ್ತದೆ, ಸಾಲ ಮಾಡಿ ತೆಗೆಸಿದ ಟಿಕೆಟ್ ಹೋಗುತ್ತದೆ. ಪ್ರಕರಣ ಮುಗಿಯುವವರೆಗೆ ಕೆಲಸದ ವೀಸಾ ಕಾಯುವುದಿಲ್ಲ. ಕೊನೆಗೆ ಖುಲಾಸೆಯಾದರೂ ಕಳೆದುಹೋದ ನೌಕರಿ ವಾಪಸ್ ಬರುವುದಿಲ್ಲ.

ಬೇರೆ ದೇಶದಲ್ಲಿ ಸಿಕ್ಕಿಬಿದ್ದರೆ?

ಆಗ ನಮ್ಮ ಕೋರ್ಟುಗಳ ತೀರ್ಪು ಕೆಲಸಕ್ಕೆ ಬರುವುದಿಲ್ಲ. ಬ್ರಿಟನ್ ಆಡಳಿತಕ್ಕೆ ಸೇರಿದ ಟರ್ಕ್ಸ್ ಆ್ಯಂಡ್ ಕೈಕೋಸ್ ದ್ವೀಪಗಳಲ್ಲಿ ಗುಂಡು ಇಟ್ಟುಕೊಂಡವರಿಗೆ ಕನಿಷ್ಠ 12 ವರ್ಷ ಜೈಲು ಎಂಬ ಕಾನೂನಿತ್ತು. 2024ರಲ್ಲಿ ಅಲ್ಲಿಗೆ ಪ್ರವಾಸ ಹೋದ ಕೆಲವು ಅಮೆರಿಕನ್ನರ ಬ್ಯಾಗಿನಲ್ಲಿ ಬಿಡಿ ಗುಂಡುಗಳು ಸಿಕ್ಕವು. ಊರಲ್ಲಿ ಬೇಟೆಗೆ ಹೋದಾಗ ಉಳಿದದ್ದು ಎಂದು ಅವರಲ್ಲಿ ಒಬ್ಬರು ಹೇಳಿದರು. ಆದರೂ ವಾರಗಟ್ಟಲೆ ದ್ವೀಪ ಬಿಡುವಂತಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿ, ಶಿಕ್ಷೆ ಕಡಿಮೆ ಮಾಡಲು ನ್ಯಾಯಾಧೀಶರಿಗೆ ಹೆಚ್ಚು ಅವಕಾಶ ಕೊಟ್ಟಿತು.

ಕೊಡವರಿಗೆ ಬಂದೂಕಿನ ಲೈಸೆನ್ಸ್‌ನಿಂದ ಇರುವ ವಿನಾಯಿತಿಯೂ ಭಾರತದ ಕಾನೂನಿನದ್ದು. ಗಡಿ ದಾಟಿದ ಮೇಲೆ ಅದಕ್ಕೆ ಬೆಲೆ ಇಲ್ಲ.

ಹಾಗಾದರೆ ಏನು ಮಾಡಬೇಕು?

* ಬೇರೆಯವರ ಬ್ಯಾಗು ತಂದರೆ ತುಂಬುವ ಮೊದಲು ಪೂರ್ತಿ ಖಾಲಿ ಮಾಡಿ, ತಲೆಕೆಳಗು ಮಾಡಿ ಕೊಡವಿ. ಪ್ರತಿ ಜಿಪ್ಪು, ಅಸ್ತರಿನ ಹರಕು, ಚಕ್ರದ ಪಕ್ಕದ ಸಂದು ಮುಟ್ಟಿ ನೋಡಿ. ಜರ್ಕಿನ್ನಿನ ಜೇಬುಗಳನ್ನೂ ಬಿಡಬೇಡಿ.

* ಖಾಲಿ ಕಾಡತೂಸು, ಗುಂಡಿನ ಆಕಾರದ ಕೀಚೈನ್, ಲಾಕೆಟ್ ಮನೆಯಲ್ಲೇ ಬಿಡಿ. ಎಕ್ಸ್‌ರೇ ಪರದೆಯ ಮೇಲೆ ಅದೂ ಗುಂಡಿನ ಹಾಗೇ ಕಾಣುತ್ತದೆ.

* ಮನೆಯಲ್ಲಿ ಹಳೇ ಗುಂಡು ಸಿಕ್ಕರೆ ಕಸಕ್ಕೆ, ಒಲೆಗೆ, ಬಾವಿಗೆ ಹಾಕಬೇಡಿ. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡ ಮೇಲೆ ಉಳಿದದ್ದಾದರೂ ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು ಎಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಹಿರಿಯರನ್ನೋ ವಕೀಲರನ್ನೋ ಜೊತೆಗೆ ಕರೆದುಕೊಂಡು ಹೋಗಿ.

* ನಿಲ್ದಾಣದಲ್ಲಿ ನೆನಪಾದರೆ ಬ್ಯಾಗು ಯಂತ್ರಕ್ಕೆ ಹಾಕುವ ಮೊದಲೇ ಭದ್ರತಾ ಸಿಬ್ಬಂದಿಗೆ ಹೇಳಿ. ಶೌಚಾಲಯದಲ್ಲಿ ಎಸೆಯಬೇಡಿ. ವಿಚಾರಣೆ ಆಗಬಹುದು, ಆದರೆ ಮುಚ್ಚಿಡಲು ನೋಡಿದರೆ ಗೊತ್ತಿರಲಿಲ್ಲ ಎಂಬ ಮಾತನ್ನು ಯಾರೂ ನಂಬುವುದಿಲ್ಲ.

* ಹೊರದೇಶದಲ್ಲಿ ತಡೆದರೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಿ, ಅದು ನಿಮ್ಮ ಹಕ್ಕು.

ಒಟ್ಟಿನಲ್ಲಿ, ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಸಿದರೆ ಹೊರಗಿನವರ ಕೈ ಒಳಗೆ ಹೋಗಲಿಕ್ಕಿಲ್ಲ. ಆದರೆ ಒಳಗೆ ಮೊದಲೇ ಇರುವ ಗುಂಡು ಹೊರಗೆ ಬರುವುದಿಲ್ಲ. ಮುಂದಿನ ಸಲ ಆ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಬದಲು, ಮನೆಯಿಂದ ಹೊರಟವರ ಬ್ಯಾಗನ್ನು ಒಮ್ಮೆ ಪೂರ್ತಿ ಕೊಡವಿ ನೋಡಿ. ಅದಕ್ಕೆ ಹತ್ತು ನಿಮಿಷ ಸಾಕು.