ಭಕ್ಷೀಸು ಕೂಲಿಯಾದಾಗ

2024ರ ಬೇಸಿಗೆಯಲ್ಲಿ ಅಣ್ಣನ ಮಗನ ಒತ್ತಾಯಕ್ಕೆ ಮಣಿದು ಅಮೆರಿಕದ ಟೆಕ್ಸಸ್ ರಾಜ್ಯಕ್ಕೆ ಹೋಗಿದ್ದೆ. ಒಂದು ಬೆಳಿಗ್ಗೆ ಬಲಿಪೂಜೆ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಕಾಫಿ ಅಂಗಡಿಯೊಂದನ್ನು ಹೊಕ್ಕೆ. ಕೌಂಟರಿನ ಮುಂದೆ ನಿಂತು ಕಾಫಿ ಕೇಳಿದವನು ನಾನೇ, ಲೋಟವನ್ನು ಎತ್ತಿಕೊಳ್ಳಬೇಕಾದವನೂ ನಾನೇ, ಸಕ್ಕರೆ ಬೆರೆಸಿಕೊಳ್ಳಬೇಕಾದವನೂ ನಾನೇ. ಹಣ ಕೊಡುವ ಹೊತ್ತಿಗೆ ಅಲ್ಲಿದ್ದ ಯುವತಿ ಪುಟ್ಟ ಪರದೆಯೊಂದನ್ನು ನನ್ನತ್ತ ತಿರುಗಿಸಿದಳು. ಕಾಫಿಯ ಬೆಲೆಯ ಕೆಳಗೆ ಮೂರು ಚೌಕಗಳು: ಶೇಕಡಾ 18, 20, 25. ಏನೂ ಕೊಡಲೊಲ್ಲದವರಿಗಾಗಿ ಅವುಗಳ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು. ಯುವತಿ ಸೌಜನ್ಯದಿಂದ ಮುಖವನ್ನು ಬೇರೆಡೆಗೆ ಹೊರಳಿಸಿದ್ದಳು. ಬೆನ್ನ ಹಿಂದೆ ನಾಲ್ಕೈದು ಮಂದಿ ಕಾದು ನಿಂತಿದ್ದರು. ನನ್ನ ಕೊರಳಲ್ಲಾದರೋ ಗುರುಗಳು ಧರಿಸುವ ಬಿಳಿಯ ಪಟ್ಟಿ. ನಾನು 20ನ್ನು ಒತ್ತಿದೆ.

ಹೊರಗೆ ಬಂದ ಮೇಲೆ ಮನಸ್ಸು ಕಸಿವಿಸಿಗೊಂಡಿತು. ಹಣ ಹೋಯಿತೆಂದಲ್ಲ. (ಸುಳ್ಳೇಕೆ, ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಚಾಳಿ ಆಗಲೂ ಇತ್ತು.) ಕೊಟ್ಟವನಿಗೆ ಇರಬೇಕಾದ ಸಂತೋಷ ನನ್ನಲ್ಲಿರಲಿಲ್ಲ, ಸಾಲ ತೀರಿಸಿದವನಿಗೆ ಇರಬೇಕಾದ ನಿರಾಳತೆಯೂ ಇರಲಿಲ್ಲ. ಹಾಗಾದರೆ ನಾನು ಮಾಡಿದ್ದೇನು? ದಾನವೇ, ಪಾವತಿಯೇ, ಹಿಂದೆ ನಿಂತವರ ಕಣ್ಣಿಗೆ ಹೆದರಿ ತೆತ್ತ ಕಪ್ಪವೇ? ಈ ಕಸಿವಿಸಿ ಪರದೇಶದಿಂದ ಬಂದವನೊಬ್ಬನದೇ ಅಲ್ಲ. 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ, ಐದು ವರ್ಷಗಳ ಹಿಂದಿಗಿಂತ ಹೆಚ್ಚು ಕಡೆಗಳಲ್ಲಿ ಟಿಪ್ಸ್ ನಿರೀಕ್ಷಿಸಲಾಗುತ್ತಿದೆಯೆಂದು ಅಲ್ಲಿನ ವಯಸ್ಕರಲ್ಲಿ ಶೇಕಡಾ 72ರಷ್ಟು ಮಂದಿ ಹೇಳಿದ್ದರು.

ಅದೇ ವಾರ ಮನೆಯವರೆಲ್ಲ ಕೂಡಿ ಒಂದು ರೆಸ್ಟೋರೆಂಟಿಗೆ ಊಟಕ್ಕೆ ಹೋದೆವು. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಬಿಲ್ಲು ಬಂದಾಗ, “ಊಟದ ಬೆಲೆಯನ್ನು ಅವರೇ ನಿಗದಿ ಮಾಡಿ ಬರೆದಿದ್ದಾರೆ. ಅದರ ಮೇಲೆ ಒಂದು ಕಾಸು ಕೂಡ ಹೆಚ್ಚಿಗೆ ಇಡಬೇಡ. ಯಾರಾದರೊಬ್ಬರು ನಿಲ್ಲಿಸದಿದ್ದರೆ ಇದು ನಿಲ್ಲುವುದು ಹೇಗೆ?” ಎಂದು ವಾದ ಹೂಡಿದೆ. ಅಣ್ಣನ ಮಗ ನಕ್ಕ. “ಬಾಪ್ಪು, ಕಾಫಿ ಅಂಗಡಿಯಲ್ಲಿ ನೀವು ಕೊಡದಿದ್ದರೂ ನಡೆಯುತ್ತಿತ್ತು. ಇಲ್ಲಿ ಹಾಗಲ್ಲ. ಬೇಕಿದ್ದರೆ ಇವಳನ್ನೇ ಕೇಳಿ” ಎಂದು ಮಗಳತ್ತ ಕೈ ತೋರಿದ.

ಅಲ್ಲಿಯೇ ಹುಟ್ಟಿ ಬೆಳೆದ ಆ ಹುಡುಗಿ ಕಾಲೇಜಿನಲ್ಲಿ ಓದುತ್ತ ವಾರಕ್ಕೆ ಮೂರು ಸಂಜೆ ಇಂಥದೇ ಒಂದು ಕಡೆ ಬಡಿಸುವ ಕೆಲಸ ಮಾಡುತ್ತಿದ್ದಳು. ಮಾಲೀಕ ಅವಳಿಗೆ ಕೊಡುತ್ತಿದ್ದುದು ಗಂಟೆಗೆ ಎರಡು ಡಾಲರ್ 13 ಸೆಂಟ್. ತೆರಿಗೆ ಮುರಿದುಕೊಂಡ ಮೇಲೆ ಸಂಬಳದ ಚೀಟಿಯಲ್ಲಿ ಉಳಿಯುತ್ತಿದ್ದುದು ಹೇಳಿಕೊಳ್ಳುವಂಥದ್ದಲ್ಲ. ಮಳೆಯ ಸಂಜೆಗಳಲ್ಲಿ ಗಿರಾಕಿಗಳೇ ಬಾರದಿದ್ದರೂ ಮೇಜು ಒರೆಸುತ್ತ, ಮುಳ್ಳುಚಮಚಗಳನ್ನು ಕೈವಸ್ತ್ರದಲ್ಲಿ ಸುತ್ತಿಡುತ್ತ ಗಂಟೆಗಳನ್ನು ಕಳೆಯಬೇಕು. ಕೆಲವು ಗಿರಾಕಿಗಳು ಆಡುವ ಮಾತುಗಳಿಗೆ ನಗದೆ ವಿಧಿಯಿಲ್ಲವೆಂದೂ ಆಕೆ ಹೇಳಿದಳು. ತಂದೆಯ ಎದುರು ಅದನ್ನು ಹೆಚ್ಚು ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಅಂದು ನಮಗೆ ಬಡಿಸಿದವಳು ಅವಳಷ್ಟೇ ಪ್ರಾಯದ ಇನ್ನೊಬ್ಬಳು. ನಾನು ಬಾಯಿ ಮುಚ್ಚಿದೆ. ಅಣ್ಣನ ಮಗ ಶೇಕಡಾ 20ನ್ನು ಬರೆದು ಸಹಿ ಹಾಕಿದ.

ಆ ಎರಡು ಡಾಲರ್ 13 ಸೆಂಟಿನ ಕತೆಯನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು. ನಮ್ಮವರ ಎಷ್ಟೋ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ. ಅಂತರ್ಯುದ್ಧದ ನಂತರ ಬಿಡುಗಡೆ ಹೊಂದಿದ ಗುಲಾಮರನ್ನು ಪುಲ್‌ಮನ್ ಕಂಪೆನಿಯು ರೈಲಿನ ಮಲಗುವ ಬೋಗಿಗಳಲ್ಲಿ ಸೇವಕರನ್ನಾಗಿ ನೇಮಿಸಿಕೊಂಡಿತು. ಸಂಬಳ ಅತ್ಯಲ್ಪ, ಉಳಿದುದನ್ನು ಪ್ರಯಾಣಿಕರ ಕೈಯಿಂದ ಗಿಟ್ಟಿಸಿಕೊಳ್ಳಬೇಕು. ಆ ಸೇವಕರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫರ ನೇತೃತ್ವದಲ್ಲಿ ಸಂಘ ಕಟ್ಟಿ, ಕಂಪೆನಿಯೊಡನೆ ವೇತನ ಒಪ್ಪಂದಕ್ಕೆ ಬರುವಷ್ಟರಲ್ಲಿ 1937 ಆಗಿತ್ತು. ಟಿಪ್ಸ್ ಎಂಬುದು ಪ್ರಜಾಪ್ರಭುತ್ವಕ್ಕೆ ಒಗ್ಗದ ಪದ್ಧತಿಯೆಂದು ವಾಷಿಂಗ್ಟನ್ ರಾಜ್ಯ 1909ರಲ್ಲಿ ಅದನ್ನು ನಿಷೇಧಿಸಿದ್ದುಂಟು. ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಬಿದ್ದುಹೋಗಿದ್ದವು. 1966ರ ತಿದ್ದುಪಡಿಯಂತೂ ಪದ್ಧತಿಯನ್ನು ಶಾಸನವನ್ನಾಗಿಯೇ ಮಾಡಿತು: ಗಿರಾಕಿಗಳು ಕೊಡುವ ಟಿಪ್ಸನ್ನು ಮಾಲೀಕನು ತಾನು ಕೊಡಬೇಕಾದ ಕನಿಷ್ಠ ವೇತನದ ಒಂದು ಭಾಗವೆಂದು ಲೆಕ್ಕ ಹಿಡಿಯಬಹುದು. 1991ರಿಂದ ಈವರೆಗೆ ಕೇಂದ್ರ ಕಾನೂನು ಅಂಥ ಕೆಲಸಗಾರರಿಗೆ ನೇರವಾಗಿ ಕೊಡಿಸುವುದು ಆ 2.13 ಡಾಲರನ್ನು ಮಾತ್ರ. ಟಿಪ್ಸ್ ಕೂಡಿಸಿಯೂ ಸಾಮಾನ್ಯ ಕನಿಷ್ಠ ವೇತನವಾದ 7.25 ಡಾಲರ್ ಮುಟ್ಟದಿದ್ದರೆ ಕೊರತೆಯನ್ನು ಮಾಲೀಕ ತುಂಬಿಕೊಡಬೇಕೆಂದು ನಿಯಮವಿದೆ. ಆದರೆ ಮುಂದಿನ ವಾರದ ಪಾಳಿಯನ್ನು ಹಂಚುವವನ ಮುಂದೆ ನಿಂತು ಆ ಲೆಕ್ಕ ಕೇಳುವ ಧೈರ್ಯ ಹತ್ತೊಂಬತ್ತರ ಹುಡುಗಿಗೆ ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾ, ಮಿನೆಸೋಟಾ ಮುಂತಾದ ಏಳು ರಾಜ್ಯಗಳು ಈ ಕಡಿತವನ್ನು ಒಪ್ಪದೆ ಪೂರ್ಣ ಕನಿಷ್ಠ ವೇತನವನ್ನೇ ಕೊಡಿಸುತ್ತವೆ. ಟೆಕ್ಸಸ್ ಅವುಗಳಲ್ಲಿ ಒಂದಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಸಂತ ತೋಮಸ್ ಅಕ್ವಿನಾಸರ ಕೃತಜ್ಞತೆಯ ವಿಚಾರವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಬೆಲೆ ನನಗೆ ತಿಳಿದುದು ಆ ಕಾಫಿ ಅಂಗಡಿಯ ದೆಸೆಯಿಂದ. ಅವರು ಋಣವನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು ಕಾನೂನಿನ ಋಣ: ಅದನ್ನು ತಡಮಾಡದೆ ತೀರಿಸಬೇಕು, ಏಕೆಂದರೆ ಅದು ಇನ್ನೊಬ್ಬನ ಸ್ವತ್ತು. ಇನ್ನೊಂದು ನೈತಿಕ ಋಣ: ಅದು ಕೊಡುವವನ ಸದ್ಬುದ್ಧಿಗೆ ಬಿಟ್ಟದ್ದು, ಹೃದಯದ ಕೃತಜ್ಞತೆ ತತ್‌ಕ್ಷಣ ಇರಬೇಕು, ಆದರೆ ಕೊಡುಗೆಗೆ ತಕ್ಕ ಕಾಲ ಕಾಯಬಹುದು. ಉಪಕಾರವನ್ನು ಅವಸರವಸರವಾಗಿ ತೀರಿಸಿ ಕೈತೊಳೆದುಕೊಳ್ಳುವವನು ಮನಸ್ಸಿಲ್ಲದ ಸಾಲಗಾರನೆಂಬ ಸೆನೆಕನ ವಿಚಾರವನ್ನೂ ಅಲ್ಲಿ ಅವರು ನೆನೆಯುತ್ತಾರೆ. ಕೂಲಿ ಮೊದಲನೆಯ ಬಗೆಯದು. ಬಡ ಕೂಲಿಯಾಳಿನ ಸಂಬಳವನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುವುದು ಈ ಕಾರಣಕ್ಕೇ. ಭಕ್ಷೀಸು ಎರಡನೆಯ ಬಗೆಯದು.

ಆ ಪುಟ್ಟ ಪರದೆ ಇವೆರಡನ್ನೂ ಅದಲು ಬದಲು ಮಾಡಿದೆ. ಕೂಡಲೇ, ತಪ್ಪದೆ ಸಲ್ಲಬೇಕಾದ ಕೂಲಿಯನ್ನು ಅದು ಗಿರಾಕಿಯ ಲಹರಿಗೆ, ಮಳೆಗೆ, ಮೇಜಿನ ಮೇಲಿನ ಬೀರಿನ ಸಂಖ್ಯೆಗೆ ಒಪ್ಪಿಸಿಬಿಟ್ಟಿದೆ. ನನ್ನ ಸಮಯಕ್ಕೆ, ನನ್ನ ಮನಸ್ಸಿಗೆ ಬಿಡಬೇಕಾದ ಕೊಡುಗೆಯನ್ನು ಕಾಫಿ ಕೈಗೆ ಬರುವ ಮೊದಲೇ, ಸರದಿಯಲ್ಲಿ ನಿಂತವರ ಸಾಕ್ಷಿಯಾಗಿ ವಸೂಲಿ ಮಾಡುತ್ತಿದೆ. ನಾವು ಕೌಂಟರಿನ ಆಚೆಗಿರುವ ಯುವತಿಯ ಮೇಲೆ ಸಿಟ್ಟಾಗುತ್ತೇವೆ. ಆಕೆ ನಮ್ಮನ್ನು ಜಿಪುಣರೆಂದು ಶಪಿಸುತ್ತಾಳೆ. ಕೂಲಿ ಕೊಡಬೇಕಾದವನು ಆ ಹೊತ್ತಿಗೆ ಅಲ್ಲಿರುವುದೇ ಇಲ್ಲ. ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನನು ಕೊನೆಗೆ ಬಂದವರಿಗೂ ಇಡೀ ದಿನದ ಕೂಲಿ ಕೊಟ್ಟ ಔದಾರ್ಯವನ್ನು ನಾವು ಮೆಚ್ಚುತ್ತೇವೆ. ಮೊದಲು ಬಂದವರಿಗೆ ಒಪ್ಪಿದ್ದನ್ನು ಆತ ಪೂರ್ತಿ ಕೊಟ್ಟನೆಂಬುದನ್ನೂ ಗಮನಿಸಬೇಕು. ತೋಟವನ್ನು ನೋಡಲು ಬಂದವರು ಏನಾದರೂ ಕೊಡುತ್ತಾರೆ, ಅದನ್ನೇ ಹಂಚಿಕೊಳ್ಳಿ ಎಂದು ಆತ ಹೇಳಲಿಲ್ಲ.

ಹಾಗೆಂದು ಮಾಲೀಕರೆಲ್ಲರೂ ದುರುಳರೆಂದು ನಾನು ಹೇಳಲಾರೆ. ನ್ಯೂಯಾರ್ಕಿನ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಟಿಪ್ಸನ್ನು ತೆಗೆದುಹಾಕಿ, ಊಟದ ಬೆಲೆಯಲ್ಲಿಯೇ ಸಂಬಳವನ್ನು ಸೇರಿಸಲು ಹೊರಟರು. 2020ರಲ್ಲಿ ಅವರು ಆ ಪ್ರಯತ್ನವನ್ನು ಕೈಬಿಡಬೇಕಾಯಿತು. ನೆರೆಯ ಅಂಗಡಿಯವನು ಬೆಲೆಯನ್ನು ಕಡಿಮೆ ತೋರಿಸಿ ಉಳಿದುದನ್ನು ಗಿರಾಕಿಯ ಸಂಕೋಚದಿಂದ ಎತ್ತುತ್ತಿರುವಾಗ, ನ್ಯಾಯವಂತನ ಬೆಲೆಪಟ್ಟಿಯೇ ದುಬಾರಿಯಾಗಿ ಕಾಣುತ್ತದೆ. 2025ರಲ್ಲಿ ಅಲ್ಲಿನ ಸರಕಾರ ವರ್ಷಕ್ಕೆ 25,000 ಡಾಲರುಗಳವರೆಗಿನ ಟಿಪ್ಸಿಗೆ 2028ರ ತನಕ ಆದಾಯ ತೆರಿಗೆಯ ವಿನಾಯಿತಿ ಕೊಟ್ಟಿತು. ಕೆಲಸಗಾರರಿಗೆ ಅದರಿಂದ ನೆರವಾದೀತು, ಅಲ್ಲಗಳೆಯಲಾರೆ. ಆದರೆ ಸಂಬಳಕ್ಕಿಂತ ಟಿಪ್ಸೇ ಲಾಭಕರವೆಂದು ಕಾನೂನೇ ಹೇಳಿದ ಮೇಲೆ ಸಂಬಳ ಏರಿಸುವ ಆತುರ ಯಾರಿಗಿದ್ದೀತು?

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ತುಳುನಾಡಿನಿಂದ ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ನಮ್ಮ ಕುಟುಂಬಗಳಲ್ಲಿ ಇನ್ನೂ ಇದ್ದಾರೆ. ಸೋಂಪಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋದ ನಾಲ್ಕಾಣೆಯ ಬೆಲೆ ಅವರಿಗೆ ಗೊತ್ತು. ಆದರೆ ಗಿರಾಕಿ ಅದನ್ನು ಉಂಡು ಎದ್ದ ಮೇಲೆ ಬಿಡುತ್ತಿದ್ದ, ಮಾಣಿಯ ಮುಖ ನೆನೆದು ಬಿಡುತ್ತಿದ್ದ. ಇಂದು ಮೊಬೈಲಿನಲ್ಲಿ ಊಟ ತರಿಸಿದರೆ ಅನ್ನ ಬೇಯುವ ಮೊದಲೇ ತಂದುಕೊಡುವವನಿಗೆ ಟಿಪ್ಸ್ ಎಷ್ಟೆಂಬ ಪ್ರಶ್ನೆ ಬರುತ್ತದೆ. ಬಾಡಿಗೆ ವಾಹನ ಬೇಗ ಸಿಗಬೇಕಾದರೆ ಮುಂಗಡ ಟಿಪ್ಸ್ ಕೊಡಿ ಎಂಬ ಏರ್ಪಾಡಿನ ಬಗ್ಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಊಬರ್ ಸಂಸ್ಥೆಗೆ ನೋಟಿಸು ನೀಡಿತು. ಟಿಪ್ಸ್ ಎಂಬುದು ಸೇವೆಯ ನಂತರದ ಮೆಚ್ಚುಗೆಯೇ ಹೊರತು ಹಕ್ಕಲ್ಲವೆಂದು ಆ ಖಾತೆಯ ಸಚಿವರೂ ಧಾರವಾಡದ ಸಂಸದರೂ ಆದ ಪ್ರಹ್ಲಾದ ಜೋಶಿಯವರು ಆಗ ಅಭಿಪ್ರಾಯಪಟ್ಟರು. ಹೋಟೆಲುಗಳು ಸೇವಾಶುಲ್ಕವನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದೆಂದು ಅದೇ ಪ್ರಾಧಿಕಾರ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿದಿತ್ತು. ಗ್ರಾಹಕನ ಮಟ್ಟಿಗೆ ಇವು ಒಳ್ಳೆಯ ಸುದ್ದಿಗಳೇ. ಮಳೆಯಲ್ಲಿ ನೆನೆಯುತ್ತ ಬರುವ ಹುಡುಗನ ಮಟ್ಟಿಗೆ ಹೆಚ್ಚು ಮಹತ್ತ್ವದ್ದೆಂದು ನನಗೆ ತೋರುವುದು ಕರ್ನಾಟಕ ಸರಕಾರ 2025ರಲ್ಲಿ ಇಂಥ ಕೆಲಸಗಾರರಿಗಾಗಿ ತಂದ ಶಾಸನ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ ಒಂದರಿಂದ ಐದರಷ್ಟು ಕ್ಷೇಮನಿಧಿ ಶುಲ್ಕವನ್ನು ಅದು ಕಂಪೆನಿಯ ಮೇಲೆ ವಿಧಿಸುತ್ತದೆ. ಅಪಘಾತವಾದ ದಿನ ಗಿರಾಕಿಯ ಇಪ್ಪತ್ತು ರೂಪಾಯಿ ಆಸ್ಪತ್ರೆಯ ಬಾಗಿಲು ದಾಟಿಸಲಾರದು.

ಇಷ್ಟು ಬರೆದು ನಿಲ್ಲಿಸಿದ್ದರೆ ನನಗೆ ಸುಖವಾಗುತ್ತಿತ್ತು. ಅಮೆರಿಕದ ಮಾಲೀಕನನ್ನೂ ಮೊಬೈಲ್ ಕಂಪೆನಿಯನ್ನೂ ದೂರುವುದು ಸುಲಭ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆಯನ್ನೂ ಒಂದು ಸೀರೆಯನ್ನೂ ಕೊಡುತ್ತೇವೆ. ಆಕೆಯ ತಿಂಗಳ ಸಂಬಳವನ್ನು ಕೊನೆಯ ಬಾರಿ ಏರಿಸಿದ್ದು ಯಾವಾಗ ಎಂದು ಕೇಳಿದರೆ ಅನೇಕರು ನೆನಪಿಸಿಕೊಳ್ಳಬೇಕಾಗುತ್ತದೆ. ಅದಕ್ಕಿಂತಲೂ ಹತ್ತಿರದ ಒಂದು ಸಂಗತಿಯಿದೆ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ, ಮುಂಜಾನೆ ಗಂಟೆ ಬಾರಿಸಿ ಪೀಠವನ್ನು ಅಣಿಗೊಳಿಸುವ ಮಿರ್ನ್ಯಾಂವಿನ ಸಂಬಳದ ವಿಷಯ ಪಾಲನಾ ಮಂಡಳಿಯ ಸಭೆಗೆ ಬಂದಿತ್ತು. ಒಬ್ಬ ಸದಸ್ಯರು, “ಮದುವೆ, ಮರಣ ಎಂದು ಜನರು ಅವನ ಕೈಗೆ ಏನಾದರೂ ಇಟ್ಟೇ ಇಡುತ್ತಾರಲ್ಲ ಫಾದರ್, ಅದನ್ನೂ ಲೆಕ್ಕ ಹಿಡಿಯಬೇಕು” ಎಂದರು. ನಾನು ತಲೆಯಾಡಿಸಿದೆ. ಆ ವರ್ಷ ಸಂಬಳ ಏರಲಿಲ್ಲ.

1966ರ ಅಮೆರಿಕದ ತಿದ್ದುಪಡಿಯಲ್ಲಿರುವುದೂ ಇದೇ ವಾದ. ಚರ್ಚಿನ ಸ್ವತ್ತನ್ನು ನಿರ್ವಹಿಸುವವರು ಕೆಲಸಗಾರರಿಗೆ ಅವರ ಮತ್ತು ಅವರ ಅವಲಂಬಿತರ ಅಗತ್ಯಗಳಿಗೆ ಸಾಲುವಂತೆ ನ್ಯಾಯವಾದ ವೇತನ ಕೊಡಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೆಯ ನಿಯಮ ಹೇಳುತ್ತದೆ. ಮದುವೆ ಮನೆಯವರ ಕೈಗಡವನ್ನು ಅದು ಎಲ್ಲಿಯೂ ಎಣಿಸಿಲ್ಲ. ಕೆಲಸಗಾರನು ಒಪ್ಪಿದನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಗತ್ಯಂತರವಿಲ್ಲದೆ ಒಪ್ಪಿದವನು ಬಲಾತ್ಕಾರಕ್ಕೆ ಒಳಗಾದವನೇ ಎಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ‘ರೇರುಂ ನೊವಾರುಂ’ ಪರಿಪತ್ರದಲ್ಲಿ ವಾದಿಸಿದ್ದರು. 2025ರಲ್ಲಿ ಆಯ್ಕೆಯಾದ ಅಮೆರಿಕ ಸಂಜಾತ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಮುಖ್ಯವಾಗಿ ಆ ಪರಿಪತ್ರದ ನೆನಪಿನಲ್ಲೇ. ಆ ಮಿರ್ನ್ಯಾಂವ್ ಕೂಡ ತನ್ನ ಸಂಬಳಕ್ಕೆ ಒಪ್ಪಿಯೇ ಇದ್ದ. ಒಪ್ಪದೆ ಏನು ಮಾಡಿಯಾನು?

ಅಮೆರಿಕದಲ್ಲಿರುವ ನಮ್ಮವರು ಕುಳಿತು ಉಣ್ಣುವ ಕಡೆ ಟಿಪ್ಸನ್ನು ತಪ್ಪದೆ ಕೊಡಲಿ. ಪದ್ಧತಿಯ ವಿರುದ್ಧದ ಪ್ರತಿಭಟನೆಯ ಖರ್ಚನ್ನು ಬಡಿಸುವವಳ ತಲೆಗೆ ಕಟ್ಟುವುದು ಸಲ್ಲದು. ಕಾಫಿ ಅಂಗಡಿಯ ಪರದೆಯ ಮುಂದೆ ಸಣ್ಣ ಅಕ್ಷರದ ಸಾಲನ್ನು ಒತ್ತಿದರೆ ಪಾಪವೇನೂ ಅಲ್ಲ. ಮುಂದಿನ ಬಾರಿ ನಾನೂ ಒತ್ತಿಯೇನು, ಕೊರಳಪಟ್ಟಿ ಇದ್ದರೂ. ಈಗಿನ ಧರ್ಮಕೇಂದ್ರದಲ್ಲಿ ಮಿರ್ನ್ಯಾಂವ್, ಕಸ ಗುಡಿಸುವಾಕೆ, ಸ್ಮಶಾನದ ಕೆಲಸದವರು ಇವರೆಲ್ಲರ ಸಂಬಳದ ಪಟ್ಟಿಯನ್ನು ತರಿಸಿ, ಸರಕಾರದ ಕನಿಷ್ಠ ವೇತನದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ್ದೇನೆ. ಮುಂದಿನ ತಿಂಗಳ ಪಾಲನಾ ಮಂಡಳಿಯ ಸಭೆಯಲ್ಲಿ ಅದು ಮಂಡನೆಯಾಗಲಿದೆ. ಹಾಗೇನಾದರೂ ಆದರೆ ಕುಟುಂಬಗಳ ವಾರ್ಷಿಕ ವಂತಿಗೆಯನ್ನು ಏರಿಸಬೇಕಾದೀತೆಂದು ಹಣಕಾಸು ಸಮಿತಿಯವರು ಈಗಾಗಲೇ ನನ್ನನ್ನು ಎಚ್ಚರಿಸಿದ್ದಾರೆ.