ಸಂಜೆಯ ಶಿಲ್ಪಶಾಲೆ

ಕನ್ನಡನಾಡಿನ ಶಿಲ್ಪಕಲೆ ಈಚಿನ ವರ್ಷಗಳಲ್ಲಿ ಮತ್ತೆ ಜನರ ಮಾತಿಗೆ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದಾದ ನಾಲ್ಕು ತಿಂಗಳಿಗೆ, 2024ರ ಜನವರಿ 22ರಂದು, ಮೈಸೂರಿನ ಅರುಣ್ ಯೋಗಿರಾಜ್ ಅವರು ಕೃಷ್ಣಶಿಲೆಯಲ್ಲಿ ಕಡೆದ 51 ಅಂಗುಲದ ಬಾಲರಾಮನ ವಿಗ್ರಹ ಅಯೋಧ್ಯೆಯಲ್ಲಿ ಪ್ರತಿಷ್ಠಿತವಾಯಿತು. ಆ ಕಾರ್ಯಕ್ಕೆ ಆಯ್ಕೆಯಾದ ಮೂವರು ಶಿಲ್ಪಿಗಳಲ್ಲಿ ಇಬ್ಬರು ಕರ್ನಾಟಕದವರೆಂಬುದನ್ನು ನೆನೆದು ನಾವೆಲ್ಲರೂ ಹಿಗ್ಗಿದ್ದೇವೆ. ಹಿಗ್ಗುವುದು ತಪ್ಪಲ್ಲ. ಆದರೆ ಈ ಹಿಗ್ಗಿನ ಬೆನ್ನಿಗೇ ಒಂದು ಪ್ರಶ್ನೆಯೂ ಏಳಬೇಕು. ಆ ವಿಗ್ರಹವನ್ನು ಕಂಡು, ತಾನೂ ಉಳಿ ಹಿಡಿಯಬೇಕು, ತಾನೂ ಮಣ್ಣನ್ನು ಮೂರ್ತಿಯಾಗಿಸಬೇಕು ಎಂದು ಆಸೆಪಟ್ಟ ಒಬ್ಬ ಗುಮಾಸ್ತನೋ ಶಾಲೆಯ ಉಪಾಧ್ಯಾಯಿನಿಯೋ ಆ ಆಸೆಯನ್ನು ಎಲ್ಲಿಗೆ ಒಯ್ಯಬೇಕು?

ಹಿಂದೆ ಶಿಲ್ಪಿಯ ಮನೆಯೇ ಶಿಲ್ಪಶಾಲೆಯಾಗಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ. ತಂದೆಯ ಕೈಯಿಂದ ಮಗನ ಕೈಗೆ ವಿದ್ಯೆ ಸಾಗಿದ ಬಗೆಗೆ ಆ ಕಲ್ಲುಗಳೇ ಸಾಕ್ಷಿ. ಇಂದಿಗೂ ಈ ದಾರಿ ಮುಚ್ಚಿಲ್ಲ. ಅರುಣ್ ಯೋಗಿರಾಜ್ ಅವರು ಎಂ.ಬಿ.ಎ. ಓದಿ, ಕೆಲಕಾಲ ಖಾಸಗಿ ಸಂಸ್ಥೆಯೊಂದರಲ್ಲಿ ದುಡಿದು, ಅನಂತರ ಉಳಿಗೆ ಮರಳಿದವರು. ಅವರು ಮರಳಲು ಒಂದು ಮನೆ ಇತ್ತು. ಆ ಮನೆಯಲ್ಲಿ ತಲೆಮಾರುಗಳ ಕಲ್ಲಿನ ಪುಡಿ ಇತ್ತು, ತಪ್ಪನ್ನು ತಿದ್ದುವ ಹಿರಿಯ ಕಣ್ಣಿತ್ತು. ಅವರ ಸಾಧನೆ ಅವರ ಪರಿಶ್ರಮದ್ದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ಹಂಬಲವುಳ್ಳ, ಅಂಥ ಮನೆಯಿಲ್ಲದ ನೂರು ಮಂದಿಗೆ ಮರಳುವ ಬಾಗಿಲೇ ಇಲ್ಲ. ಇದು ಶಿಲ್ಪಿಗಳ ಮನೆತನಗಳ ದೋಷವಲ್ಲ. ವಿದ್ಯೆಯೇ ಅನ್ನವಾಗಿದ್ದ ಕಡೆ ಅದನ್ನು ಮಕ್ಕಳಿಗೆ ಉಳಿಸುವುದು ಸಹಜ. ಮನೆಯ ಹೊರಗೆ ಆ ವಿದ್ಯೆಗೆ ಎಡೆಮಾಡಿಕೊಡಬೇಕಾದುದು ಸಮಾಜದ ಕೆಲಸ.

ಎಡೆಯೇ ಇಲ್ಲವೆಂದಲ್ಲ. ಮೈಸೂರಿನ ಚಾಮರಾಜೇಂದ್ರ ಅಕಾಡೆಮಿಯಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಶಿಲ್ಪವನ್ನು ಪದವಿಯ ವಿಷಯವಾಗಿ ಕಲಿಸುತ್ತಾರೆ. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಂಸ್ಥೆಯೊಂದು ತರುಣರಿಗೆ ಅಲ್ಲಿಯೇ ಇದ್ದು ಕಲಿಯುವ ಅನುಕೂಲ ಮಾಡಿಕೊಟ್ಟಿದೆ. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿಯ ಭತ್ಯ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು ಅದರಲ್ಲಿ ಸೇರಿದೆ. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಪದವಿ ತರಗತಿ ಹಗಲಿನ ನಾಲ್ಕು ವರ್ಷಗಳನ್ನು ಕೇಳುತ್ತದೆ. ವಸತಿಶಾಲೆ ಮನೆಯನ್ನೇ ಬಿಟ್ಟು ಬರಬೇಕೆನ್ನುತ್ತದೆ. ವಿಶ್ವಕರ್ಮ ಯೋಜನೆ ಈಗಾಗಲೇ ಕಸುಬಿನಲ್ಲಿ ತೊಡಗಿದವರಿಗಾಗಿ ಇರುವಂಥದು. ಹಗಲನ್ನು ಹೊಟ್ಟೆಪಾಡಿಗೆ ಮಾರಿಕೊಂಡವನಿಗೆ ಉಳಿಯುವುದು ಸಂಜೆಯೊಂದೇ. ವಾಣಿಜ್ಯವನ್ನೂ ನ್ಯಾಯಶಾಸ್ತ್ರವನ್ನೂ ಕಲಿಸಲು ಸಂಜೆಯ ಕಾಲೇಜುಗಳನ್ನು ತೆರೆದ ನಾವು, ಶಿಲ್ಪಕ್ಕೆ ಆ ಎರಡು ಗಂಟೆಗಳನ್ನು ಕೊಡಲು ಏಕೆ ಯೋಚಿಸಲಿಲ್ಲ?

ಇದಕ್ಕೆ ಸಿದ್ಧವಾದ ಆಕ್ಷೇಪಣೆಯೊಂದಿದೆ. ಹನ್ನೆರಡು ವರ್ಷ ಗುರುವಿನ ಬಳಿ ಕಾದು ಕಲಿಯಬೇಕಾದ ವಿದ್ಯೆಯನ್ನು ಕಚೇರಿಯಿಂದ ದಣಿದು ಬಂದವನು ಎರಡು ಗಂಟೆಯಲ್ಲಿ ಏನು ಕಲಿತಾನು ಎಂಬುದೇ ಅದು. ಆಕ್ಷೇಪಣೆಯಲ್ಲಿ ಹುರುಳಿದೆ. ಸಂಜೆಯ ತರಗತಿ ಸ್ಥಪತಿಗಳನ್ನು ಸೃಷ್ಟಿಸಲಾರದು. ಆದರೆ ಅದು ಏನನ್ನು ಮಾಡಬಲ್ಲದೆಂಬುದನ್ನು ಕೆಲಸದ ಕ್ರಮದಿಂದಲೇ ತಿಳಿಯಬೇಕು.

ಕಲಿಕೆ ಮೊದಲಾಗುವುದು ಜೇಡಿಮಣ್ಣಿನಿಂದ. ಒಂದು ಹಲಗೆಯ ಮೇಲೆ ಎಲೆಯನ್ನೋ ಹಣ್ಣನ್ನೋ ಉಬ್ಬುಶಿಲ್ಪವಾಗಿ ಮೂಡಿಸುವುದು ಮೊದಲ ಪಾಠ. ಚಿತ್ರ ಬರೆದು ರೂಢಿಯಾದವನು ಇಲ್ಲಿ ಗೆರೆಯನ್ನು ಹುಡುಕುತ್ತಾನೆ; ಮಣ್ಣು ಅವನಿಗೆ ಗೆರೆಯ ಬದಲು ತಗ್ಗು ಉಬ್ಬುಗಳನ್ನು ತೋರಿಸುತ್ತದೆ. ಎರಡನೆಯ ಹಂತ ದುಂಡು ಶಿಲ್ಪ. ಮುಖವೊಂದನ್ನು ಮಾಡುವಾಗ ಒಳಗೆ ಕಂಬಿ ತಂತಿಗಳ ಹಂದರ ಕಟ್ಟಬೇಕು, ಇಲ್ಲವಾದರೆ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಮುಂದಿನಿಂದ ಸರಿಯಾಗಿ ಕಂಡ ಮೂಗು ಪಕ್ಕದಿಂದ ನೋಡಿದರೆ ಹಾಸ್ಯಾಸ್ಪದವಾಗಿರುತ್ತದೆ. ಸುತ್ತಿ ಸುತ್ತಿ ನೋಡಿದ ಹೊರತು ರೂಪ ಕೈಗೆ ಬಾರದೆಂಬ ಅರಿವು ಅಲ್ಲಿ ಹುಟ್ಟುತ್ತದೆ. ತರಗತಿ ಮುಗಿದಾಗ ಮೂರ್ತಿಗೆ ಒದ್ದೆಬಟ್ಟೆ ಹೊದಿಸಿ ಹೋಗಬೇಕು; ಮರೆತವನಿಗೆ ಮುಂದಿನ ವಾರ ಬಿರುಕುಗಳೇ ಉತ್ತರ. ಸುಡಬೇಕಾದ ಮೂರ್ತಿಯ ಒಡಲನ್ನು ಕೊರೆದು ಟೊಳ್ಳು ಮಾಡಿ, ಚೆನ್ನಾಗಿ ಆರಿಸಬೇಕು. ಒಳಗೆ ತೇವ ಉಳಿದರೆ ಆವಿಗೆಯ ಕಾವಿಗೆ ಅದು ಆವಿಯಾಗಿ ಹಿಗ್ಗಿ ಮೂರ್ತಿಯನ್ನೇ ಸೀಳಿಬಿಡುತ್ತದೆ. ಇನ್ನೂ ಮುಂದೆ ಹೋದವರು ಅಚ್ಚು ತೆಗೆಯುವುದನ್ನೂ, ಮೇಣವನ್ನು ಕರಗಿಸಿ ಹರಿಸಿ ಆ ಎಡೆಯಲ್ಲಿ ಲೋಹ ಎರಕ ಹೊಯ್ಯುವ ವಿಧಾನವನ್ನೂ ಅರಿಯಬಹುದು. ಈ ವಿಧಾನ ನಮಗೆ ಪರಕೀಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನು ವಿವರಿಸಿದ್ದಾನೆ.

ಸಂಜೆಯ ಹೊತ್ತು ಈ ಕಲಿಕೆಗೆ ತೊಡಕೇ ಆಗಬೇಕೆಂದಿಲ್ಲ. ಒಂದು ಪಕ್ಕದಲ್ಲಿ ತಗ್ಗಾಗಿ ಇರಿಸಿದ ದೀಪ ಹಗಲಿನಲ್ಲಿ ಅಡಗಿದ್ದ ಎಲ್ಲ ಏರಿಳಿತಗಳನ್ನು ನೆರಳಾಗಿ ಹೊರಗೆಳೆಯುತ್ತದೆ. ಆದರೆ ಕಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಕಲ್ಲು ಕಡೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ರೋಗವನ್ನು ತರುತ್ತದೆ. ಒಮ್ಮೆ ಬಂದರೆ ಅದಕ್ಕೆ ಪರಿಹಾರವಿಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿ ಕಲ್ಲು ಕಡೆಯಿಸುವುದು ಸಲ್ಲದು. ಅದಕ್ಕೆ ಬಯಲೂ, ನೀರೂ, ಮುಖಕ್ಕೆ ರಕ್ಷಣೆಯೂ, ಭಾನುವಾರದ ಬೆಳಗೂ ಬೇಕು.

ಇಷ್ಟರಿಂದ ಸಮಾಜಕ್ಕೆ ಏನು ಲಾಭ? ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಗಾದೆ. ಇಲ್ಲಿ ಕೈ ಕೆಸರಾದರೆ ಕಣ್ಣು ತಿಳಿಯಾಗುತ್ತದೆ. ಇಂದು ಊರೂರಿನಲ್ಲಿ ಪ್ರತಿಮೆಗಳು ಏಳುತ್ತಿವೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ಅನಾವರಣವಾಯಿತು. ನಾವು ಅಡಿಗಳನ್ನು ಎಣಿಸಿದೆವು. ನಿಲುವನ್ನು, ತೂಕದ ಹಂಚಿಕೆಯನ್ನು, ಮುಖದ ಭಾವವನ್ನು ಚರ್ಚಿಸಿದವರು ಎಷ್ಟು ಮಂದಿ? ಕಾರ್ಕಳದ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮ ಪ್ರತಿಮೆ ಕಂಚಿನದೇ ಅಲ್ಲವೇ ಎಂಬ ವಿವಾದ ನ್ಯಾಯಾಲಯದವರೆಗೂ ಹೋಯಿತು. ಸರಿತಪ್ಪುಗಳ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ಚಿಂತೆ ಬೇರೆ: ಸಾರ್ವಜನಿಕರ ಹಣದಿಂದ ಎದ್ದು ನಿಂತ ಮೂರ್ತಿಯೊಂದರ ಒಡಲು ಯಾವುದೆಂದು ಸಾರ್ವಜನಿಕರು ಮೊದಲೇ ಕೇಳಬೇಕಾಗಿತ್ತು. ಕೇಳಲು ತಿಳಿವಳಿಕೆ ಬೇಕು. ಒಮ್ಮೆಯಾದರೂ ಅಚ್ಚು ತೆಗೆದವನಿಗೆ ಆ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ.

ಸಾಹಿತ್ಯದವರಾದ ನಮಗೂ ಇದರಲ್ಲಿ ಪಾಠವುಂಟು. ಬೇಲೂರಿನ ಮದನಿಕೆಯರನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ‘ಕಲ್ಲಿನಲ್ಲಿ ಅರಳಿದ ಕಾವ್ಯ’ ಎಂಬ ಮಾತು ಬರದಿರುವುದು ಅಪೂರ್ವ. ಕಾವ್ಯದಿಂದ ಕಡ ತಂದ ಆ ವಿಶೇಷಣ ಶಿಲ್ಪದ ಬಗೆಗೆ ಏನನ್ನೂ ಹೇಳುವುದಿಲ್ಲ. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಆ ಸೂಕ್ಷ್ಮ ಕೆತ್ತನೆ ಸಾಧ್ಯವಾದುದಕ್ಕೆ ಈ ಗುಣವೂ ಕಾರಣ. ಮಣ್ಣನ್ನಾದರೂ ತಿದ್ದಿ ನೋಡಿದ ವಿದ್ಯಾರ್ಥಿ ಕಲ್ಲಿನ ಸ್ವಭಾವದಿಂದ ಬರಹವನ್ನು ಆರಂಭಿಸುತ್ತಾನೆ, ಹೊಗಳಿಕೆಯನ್ನು ಕೊನೆಗೆ ಇಡುತ್ತಾನೆ.

ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಸಂಜೆಗೂ ವಾರಾಂತ್ಯಕ್ಕೂ ಮಣ್ಣಿನ ತರಗತಿಗಳು ಅಲ್ಲಲ್ಲಿ ನಡೆಯುತ್ತಿವೆ. ಆದರೆ ಅವುಗಳಲ್ಲಿ ಹಲವು ಉಳ್ಳವರ ಒಂದು ದಿನದ ವಿನೋದಕ್ಕೆ ಮೀಸಲು. ಜಿಲ್ಲಾ ಕೇಂದ್ರಗಳಲ್ಲಿ ಕಾಲೇಜುಗಳ ಕೋಣೆಗಳು ಸಂಜೆ ಐದಕ್ಕೆ ಬೀಗ ಕಾಣುತ್ತವೆ. ಒಂದೊಂದು ಜಿಲ್ಲೆಯಲ್ಲಿ ಅಂಥ ಒಂದು ಕೋಣೆ, ಒಂದು ಆವಿಗೆ, ನೀರಿನ ತೊಟ್ಟಿ, ವಾರಕ್ಕೆ ಮೂರು ಸಂಜೆ ಇದ್ದರೆ ಆರಂಭಕ್ಕೆ ಸಾಕು. ಗುರುಗಳನ್ನು ದೂರದಿಂದ ಕರೆತರಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರುಗಳಲ್ಲಿ ಮನೆಮನೆಗೂ ಶಿಲ್ಪಿಗಳಿದ್ದಾರೆ. ಅವರನ್ನು ಸನ್ಮಾನದ ಶಾಲು ಹೊದಿಸಿ ಕಳುಹಿಸುವುದಕ್ಕಿಂತ, ಉಪಾಧ್ಯಾಯರೆಂದು ಕರೆದು ತಕ್ಕ ಸಂಬಳ ಕೊಡುವುದು ಮೇಲು. ಮನೆತನದ ವಿದ್ಯೆಗೆ ಅದರಿಂದ ಹೊಸ ಅನ್ನವೂ ಹುಟ್ಟುತ್ತದೆ. ಹೊರಗಿನವನಿಗೆ ಬಾಗಿಲೂ ತೆರೆಯುತ್ತದೆ.

ಪಟ್ಟಿಗೆ ಸೇರಿದ ದೇವಾಲಯಗಳನ್ನು ಕಾಯಲು ಕಾನೂನಿದೆ, ಕಾವಲಿದೆ. ಅವುಗಳನ್ನು ಕಟ್ಟಿದ ವಿದ್ಯೆಯನ್ನು ಕಾಯಲು ಕಲಿಯುವ ಕೈಗಳೇ ಬೇಕು. ಆ ಕೈಗಳು ಹಗಲೆಲ್ಲ ಬೇರೆ ದುಡಿಮೆಯಲ್ಲಿರುವುದಾದರೆ, ಸಂಜೆಗೆ ಒಂದು ದೀಪ ಹಚ್ಚಿಡುವುದು ನಾಡಿನ ಕರ್ತವ್ಯ.